ಎಣ್ಣೆಮನೆ ಕಿಟಕಿಯ ಕೆಳಗಿನ ಮೂಟೆ

ಕಾಲುವೆ ದಂಡೆಯ ಮನೆ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹೆಂಡತಿ, ಮಗು ಆರಾಮವೇ? ಆ ಹಳೆಯ ಕೆಮ್ಮು ಬಿಟ್ಟಿತೇ, ಇಲ್ಲ ನನ್ನ ಹಾಗೆ ನಿನಗೂ ಬೆನ್ನು ಹತ್ತಿದೆಯೇ? ವಿಳಾಸ ನಿನ್ನ ಅಕ್ಕ ಕೊಟ್ಟಳು. ಹತ್ತೊಂಬತ್ತು ವರ್ಷದ ಮೇಲೆ ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ನಾನೂ ಗಟ್ಟಿಯಾಗಿದ್ದೇನೆ, ಅಂದರೆ ಇವತ್ತು ಬೆಳಿಗ್ಗೆಯವರೆಗೆ ಇದ್ದೆ.

ನಮ್ಮ ಕಾಲುವೆ ಗೊತ್ತಲ್ಲ, ಈ ತುದಿಯಿಂದ ಆ ತುದಿಗೆ ಒಂದು ಗಂಟೆಯ ನಡಿಗೆ. ಅದರ ದಂಡೆಯ ಮೂರೂ ಊರುಗಳಲ್ಲಿ ಈಗ ಒಂದು ಗಿರಣಿಯೂ ಓಡುವುದಿಲ್ಲ. ನೂಲಿಗೆ ಬಣ್ಣ ಹಾಕುತ್ತಿದ್ದ ಕಟ್ಟಡದಲ್ಲಿ ಜನ ದುಡ್ಡು ಕೊಟ್ಟು ವ್ಯಾಯಾಮ ಮಾಡಿ ಬೆವರು ಸುರಿಸುತ್ತಾರೆ. ನಮಗೆ ಆಗ ಸಂಬಳ ಕೊಟ್ಟು ಬೆವರಿಳಿಸುತ್ತಿದ್ದರು! ಹೂಳೆತ್ತಲೆಂದು ಮೊನ್ನೆ ಕಾಲುವೆಯ ನೀರು ಖಾಲಿ ಮಾಡಿದರು. ಊರಿಗೆ ಊರೇ ದಂಡೆಯ ಮೇಲೆ. ಸೈಕಲ್ಲು, ಮುರುಕು ಕುರ್ಚಿ, ಯಾರದೋ ಹೊಲಿಗೆ ಯಂತ್ರ ಎಲ್ಲ ಎದ್ದು ಬಂದವು. ನಾವು ನಕ್ಕಿದ್ದೇ ನಕ್ಕಿದ್ದು.

ಇವತ್ತು ನಮ್ಮ ಗಿರಣಿಯಲ್ಲಿ ನಾನೂ ನೀನೂ ಕೆಲಸ ಮಾಡುತ್ತಿದ್ದ ಎಣ್ಣೆಮನೆಯ ಕಿಟಕಿಯ ಕೆಳಗಿಂದ ಒಂದು ಟಾರ್ಪಾಲಿನ ಮೂಟೆ ಎಳೆದು ಹಾಕಿದರು. ಬಿಚ್ಚಿದರೆ ಹಿತ್ತಾಳೆಯ ಬೇರಿಂಗುಗಳು! ಹನ್ನೆರಡೂ ಇದ್ದವು, ಗಿರಣಿಯ ಮುದ್ರೆ ಸಮೇತ. ನೀನು ಕದ್ದು ಮಾರಿದೆ ಎಂದು ಮೇಸ್ತ್ರಿ ನಿನ್ನನ್ನು ಕೆಲಸದಿಂದ ತೆಗೆಸಿದ್ದು, ಊರೆದುರು ನಾನು ನಿನ್ನ ಕೆನ್ನೆಗೆ ಬಾರಿಸಿ ಮನೆಯಿಂದಾಚೆ ಹಾಕಿದ್ದು, ಇವೇ ಬೇರಿಂಗುಗಳಿಗಾಗಿ.

ಮೂಟೆಯ ಬಾಯಿಗೆ ತಾಮ್ರದ ತಂತಿ, ಎಡಕ್ಕೆ ಮೂರು ಸುತ್ತು. ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದವರಲ್ಲಿ ಎಡಚ ನಾನೊಬ್ಬನೇ. ಎಣ್ಣೆ ಒರೆಸಿದ ಚಿಂದಿಯನ್ನು ಟಾರ್ಪಾಲಿನಲ್ಲಿ ಮೂಟೆ ಕಟ್ಟಿ, ಮುಳುಗಲೆಂದು ಒಂದು ಕಲ್ಲು ಸೇರಿಸಿ, ಪಾಳಿ ಮುಗಿದಾಗ ಕಿಟಕಿಯಿಂದ ಕಾಲುವೆಗೆ ಎಸೆಯುವುದು ನಮ್ಮೆಲ್ಲರ ಅಭ್ಯಾಸವಾಗಿತ್ತಲ್ಲ. ಬೇರಿಂಗು ಒರೆಸಿ, ಗೀರು ಬೀಳದಿರಲೆಂದು ಚಿಂದಿಯಲ್ಲೇ ಸುತ್ತಿಟ್ಟಿದ್ದೆ ಎಂದು ನೀನು ಆಗ ಬಾಯಿ ಬಡಿದುಕೊಂಡೆ. ಆ ಮೂಟೆಯನ್ನು ಎತ್ತಿದವನು ನಾನು. ಭಾರವಿತ್ತು. ಕಲ್ಲು ಆಗಲೇ ಹಾಕಿದ್ದಾನೆ, ಪರವಾಗಿಲ್ಲ, ಮಗ ಚುರುಕಾದ ಅಂದುಕೊಂಡು ಕಟ್ಟಿ ಎಸೆದೆ. ಅಯ್ಯೋ, ನನ್ನ ಕೈಗೆ ಬೆಂಕಿ ಹಾಕ!

ಅಲ್ಲೇ ಎಲ್ಲರೆದುರು, "ಇದು ನನ್ನ ಕಟ್ಟು, ನನ್ನ ಮಗ ಕಳ್ಳ ಅಲ್ಲ" ಎಂದು ಕೂಗಿದೆ. ಮೇಸ್ತ್ರಿ ಈಗ ಹಣ್ಣು ಮುದುಕ. "ಹೋಗ್ಲಿ ಬಿಡಯ್ಯಾ, ಗಿರಣಿನೇ ಇಲ್ಲ, ಈಗ್ಯಾಕೆ?" ಅಂದ. ಗಿರಣಿ ಇಲ್ಲದಿದ್ದರೇನು, ನೀನಿದ್ದೀಯಲ್ಲ! ಅಮ್ಮ ಬೆಳಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಾ ಎನ್ನಲು ನನಗೆ ಯಾವ ಮುಖವಿದೆ? ಅವಳನ್ನು ನೋಡಲಾದರೂ ಒಮ್ಮೆ ಬಾ.

ಮಗುವಿಗೆ ಈ ತಾತನ ಮುತ್ತು. ಮೂವರೂ ತಣ್ಣಗಿರಿ.

ನಿನ್ನ ಅಪ್ಪ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಆ ದಿನ ನಾನು ಬಾಗಿಲು ಹಾಕಿಕೊಂಡ ಮೇಲೆ ನೀನು ಹೊರಗಿನಿಂದ, "ಅಪ್ಪಾ, ನಿನ್ನೆ ಮೂಟೆ ಎಸೆಯೋ ಮುಂಚೆ ಒಳಗೆ ನೋಡಿದ್ಯಾ?" ಎಂದೆ. ನನಗೇನೂ ಕೇಳಿಸಲಿಲ್ಲ ಎಂದೇ ನಿನ್ನಮ್ಮನಿಗೆ ಇಷ್ಟು ವರ್ಷವೂ ಹೇಳಿಕೊಂಡು ಬಂದೆ. ಕೇಳಿಸಿತ್ತು, ಮಗನೇ.