ನೋವು ಹತ್ತರಲ್ಲಿ ಎಷ್ಟು

ಫೆಬ್ರವರಿ 6, ಮಧ್ಯಾಹ್ನ 3

ವೃದ್ಧಾಶ್ರಮದಲ್ಲಿ ಬೆಳಗಿನ ಡ್ಯೂಟಿ ಮುಗಿಯಿತು. ಸೊಂಟ ಬಿದ್ದುಹೋಗಿದೆ. ಎಂಟನೇ ರೂಮಿನ ಅಜ್ಜಿ — ನಾವೆಲ್ಲ ಮಹಾರಾಣಿ ಅನ್ನುತ್ತೇವೆ — ಇವತ್ತು ಸ್ನಾನವೇ ಬೇಡವೆಂದು ಹಟ. ಅರ್ಧ ಗಂಟೆ ರಮಿಸಿದೆ. ಆಮೇಲೆ ಒಪ್ಪಿದರು. ತಲೆ ಒರೆಸುವಾಗ ಕೇಳಿದರು, "ನಿನಗೆ ಮಕ್ಕಳಿದ್ದಾರಾ?" ದಿನಾ ಕೇಳುತ್ತಾರೆ, ದಿನಾ ಮರೆಯುತ್ತಾರೆ.

"ಒಬ್ಬಳು ಮಗಳು, ಹನ್ನೊಂದು ವರ್ಷ. ಬೇಸಿಗೆಗೆ ಬರ್ತಾಳೆ, ಅವರಪ್ಪನ ಜೊತೆ."

ಇದನ್ನು ದಿನಾ ಹೇಳುವುದಕ್ಕೆ ನನಗೂ ಬೇಜಾರಿಲ್ಲ.

ಫೆಬ್ರವರಿ 20

ಮ್ಯಾನೇಜರ್ ಎಲ್ಲರನ್ನೂ ಊಟದ ಹಾಲ್‌ಗೆ ಕರೆದರು. ವೀಸಾ ರೂಲ್ಸ್ ಬದಲು. ಮಾರ್ಚ್ 15 ದಾಟಿದರೆ, ನನ್ನ ಹಾಗೆ ಹೊರದೇಶದಿಂದ ಬಂದ ಕೇರ್ ಕೆಲಸದವರು ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. ಅಷ್ಟರೊಳಗೆ ಅರ್ಜಿ ಹಾಕಿದವರಿಗೆ ತೊಂದರೆಯಿಲ್ಲ. ಇಷ್ಟು ಹೇಳಿ, "ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ" ಅಂತ ಬೇರೆ ಸೇರಿಸಿದರು.

ನನ್ನ ಜೊತೆ ಡ್ಯೂಟಿ ಮಾಡುವ ಉದ್ದನೆಯವಳು ಪಕ್ಕದಲ್ಲಿದ್ದಳು. ಮಹಾರಾಣಿಯನ್ನು ಮಂಚದಿಂದ ಎತ್ತುವುದು ನಾವಿಬ್ಬರೇ. ನನ್ನ ಕಿವಿಯಲ್ಲಿ ಹೇಳಿದಳು, "ಮನೆಯವರಾ? ಹಾಗಾದ್ರೆ ನಮಗೂ ವೀಸಾ ಸಿಗಲ್ಲ ಬಿಡು." ನಗು ತಡೆಯಲಾಗಲಿಲ್ಲ. ಬಾತ್‌ರೂಮಿಗೆ ಹೋದ ಮೇಲೆ ಅಳುವೂ ತಡೆಯಲಾಗಲಿಲ್ಲ.

ಸಂಜೆ ಇವರಿಗೆ ಫೋನ್ ಮಾಡಿದೆ.

"ಅವಳ ಪಾಸ್‌ಪೋರ್ಟ್ ಎಲ್ಲಿಗೆ ಬಂತು ರೀ?"

"ಅವಧಿ ಮುಗ್ದಿದೆ ಕಣೇ. ಪರೀಕ್ಷೆ ಮುಗೀಲಿ, ಆಮೇಲೆ ರಿನ್ಯೂ ಮಾಡ್ಸೋಣ ಅಂತಿದ್ದೆ."

ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಕೇಳಿಸಿಕೊಂಡರು. ನಾಳೆಯೇ ಹೋಗುತ್ತಾರಂತೆ.

ಮಾರ್ಚ್ 5

ಬಾಡಿಗೆ ಮನೆ ಬದಲಾಯಿಸಿದ್ದರಿಂದ ಪಾಸ್‌ಪೋರ್ಟಿಗೆ ಪೊಲೀಸ್ ವಿಚಾರಣೆ. ಪೊಲೀಸ್ ಬಂದಾಗ ಮನೆಗೆ ಬೀಗ. ಅಪ್ಪ-ಮಗಳು ಎಲ್ಲಿಗೆ ಹೋಗಿದ್ದರು? ಸ್ಟುಡಿಯೋಗೆ — ವೀಸಾ ಫೋಟೋ ತೆಗೆಸಲು! ಹಣೆ ಚಚ್ಚಿಕೊಂಡೆ. ಇನ್ನೊಮ್ಮೆ ಯಾವಾಗ ಬರುತ್ತಾರೋ ದೇವರಿಗೇ ಗೊತ್ತು.

ಫೋಟೋ ಕಳಿಸಿದ್ದಾರೆ. ನಗಬಾರದು ಅಂದಿರಬೇಕು, ತುಟಿ ಬಿಗಿಹಿಡಿದಿದ್ದಾಳೆ. ಎಷ್ಟು ಎತ್ತರ ಬೆಳೆದಿದ್ದಾಳೆ ಅಂತ ಇದರಲ್ಲಿ ಗೊತ್ತಾಗುವುದಿಲ್ಲ.

ಮಾರ್ಚ್ 14

ಮಗಳ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಇವರ ಪಾಸ್‌ಪೋರ್ಟ್ ಸರಿಯಿದೆ. ನಾಳೆಯೊಳಗೆ ಇವರೊಬ್ಬರದೇ ಅರ್ಜಿ ಹಾಕಬಹುದು.

"ನಾನೊಬ್ನೇ ಬರ್ಲಾ? ಇವಳನ್ನ ಯಾರ ಹತ್ರ ಬಿಡ್ಲಿ, ಹೇಳು?"

ಬೇಡ ಅಂದೆ. ಆದರೆ ಅನ್ನುವ ಮುಂಚೆ ಒಂದು ಕ್ಷಣ… ಬನ್ನಿ ಅನ್ನಬೇಕೆನಿಸಿತ್ತು. ಇದನ್ನು ಇಲ್ಲಿ ಬಿಟ್ಟು ಎಲ್ಲೂ ಹೇಳಲಾರೆ.

ಮಾರ್ಚ್ 18

ಪಾಸ್‌ಪೋರ್ಟ್ ಬಂತಂತೆ. "ಹೊಸ ಪುಸ್ತಕದ ವಾಸನೆ ಅಮ್ಮ!" ಅಂದಳು. ಜೋಪಾನವಾಗಿ ಇಡು ಅಂದೆ.

ಮಹಾರಾಣಿ ಇವತ್ತೂ ಕೇಳಿದರು. ಬೇಸಿಗೆಗೆ ಬರ್ತಾಳೆ ಅಂದೆ. ಯಾರ ಗಂಟೇನು ಹೋಗುತ್ತದೆ?

ಜೂನ್ 27

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಡ್ಯೂಟಿ, ನಿದ್ದೆ, ಡ್ಯೂಟಿ. ಉದ್ದನೆಯವಳು ಕೆಲಸ ಬಿಟ್ಟು ಮಕ್ಕಳ ಹತ್ತಿರ ಹೋದಳು. ಹೊಸಬರು ಯಾರೂ ಬರುತ್ತಿಲ್ಲ. ರಜೆ ಕೇಳಿದರೆ ಮ್ಯಾನೇಜರ್ ಕೈ ಮುಗಿಯುವುದೊಂದು ಬಾಕಿ.

ಮೊನ್ನೆ ವಾರದ ರಜೆ. ಸಂಜೆ ಹಾಲಿಗೆಂದು ಅಂಗಡಿಗೆ ಹೋಗಿ "ಥ್ಯಾಂಕ್ಸ್" ಅನ್ನಲು ಹೋದರೆ ಧ್ವನಿಯೇ ಹೊರಡಲಿಲ್ಲ. ಬೆಳಗಿನಿಂದ ಬಾಯಿ ತೆರೆದಿರಲಿಲ್ಲ. ಅಂಗಡಿಯವನು ನೆಗಡಿಯಾ ಅಂದ. ಹೌದು ಅಂದೆ.

ಜುಲೈ 9, ಬ್ರೇಕ್‌ನಲ್ಲಿ

ಮಗಳು ದೊಡ್ಡವಳಾಗಿದ್ದಾಳೆ. ಮೊನ್ನೆಯೇ. ನನಗೆ ಈಗ ಗೊತ್ತಾಯಿತು. ಇವರಿಗೆ ಕೈಕಾಲೇ ಆಡಲಿಲ್ಲವಂತೆ, ಕೆಳಗಿನ ಮನೆ ಆಂಟಿಯನ್ನು ಕರೆದರಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಅವಳೇ ಬೇಡ ಅಂದ್ಲು ಕಣೇ. ಅಮ್ಮ ಡ್ಯೂಟೀಲಿರ್ತಾಳೆ, ಡಿಸ್ಟರ್ಬ್ ಮಾಡ್ಬೇಡಿ ಅಂದ್ಲು."

ಫೋನ್ ಅವಳಿಗೆ ಕೊಟ್ಟರು. ಏನೇನೋ ಹೇಳಬೇಕೆಂದಿದ್ದೆ. ಹೆದರಬೇಡ ಅಂತ, ಇದೆಲ್ಲ ಎಲ್ಲರಿಗೂ ಆಗುತ್ತೆ ಅಂತ. ಬಾಯಿಂದ ಬಂದದ್ದು —

"ಹೊಟ್ಟೆ ನೋವಿದೆಯಾ ಪುಟ್ಟಿ? ಒಂದರಿಂದ ಹತ್ತರಲ್ಲಿ ಎಷ್ಟು?"

ಇಲ್ಲಿ ಎಲ್ಲರನ್ನೂ ಕೇಳುವುದು ಹೀಗೆ. ಅವರು ಹೇಳಿದ ಸಂಖ್ಯೆಯನ್ನು ಚಾರ್ಟಿಗೆ ಹಾಕುತ್ತೇವೆ.

"ಆರು," ಅಂದಳು. ಆಮೇಲೆ, "ಅಮ್ಮ, ಬರ್ಕೋತಾ ಇದೀಯಾ?"

ಇಲ್ಲ ಅಂದೆ. ಸುಳ್ಳು. ಪೆನ್ನು ಕೈಯಲ್ಲೇ ಇತ್ತು. ಅಂಗೈ ಮೇಲೆ ಆರು ಅಂತ ಬರೆದುಕೊಂಡಿದ್ದೆ.

ಜುಲೈ 16

ಕೆಲಸ ಬಿಡುತ್ತೇನೆಂದು ಮ್ಯಾನೇಜರ್‌ಗೆ ಹೇಳಿದೆ.

"ಯೋಚನೆ ಮಾಡಿದೀಯಾ? ಒಂದ್ಸಲ ಹೋದ್ರೆ ಈ ವೀಸಾ ಮತ್ತೆ ಸಿಗಲ್ಲ."

"ಗೊತ್ತು."

"ಎಂಟನೇ ರೂಮಿನವರನ್ನ ಯಾರು ನೋಡ್ಕೋತಾರೆ?"

ಮಹಾರಾಣಿಗೆ ಹೇಳಿದರೆ ನಾಳೆಗೆ ಮರೆಯುತ್ತಾರೆ, ದಿನಾ ಹೊಸದಾಗಿ ಹೇಳಬೇಕಾದೀತು. ಹೇಳಲಿಲ್ಲ.

ಜುಲೈ 17, ಸಂಜೆ 6

ಮಗಳಿಗೆ ನಾನೇ ಹೇಳಿದೆ. "ಬಂದ್ಬಿಡ್ತೀನಿ ಕಣೇ."

"ಎಷ್ಟು ದಿನಕ್ಕೆ?"

"ದಿನದ ಲೆಕ್ಕ ಇಲ್ಲ. ವಾಪಸ್ ಹೋಗೋದೇ ಇಲ್ಲ. ನಿನ್ನ ಪಕ್ಕದಲ್ಲೇ ಮಲಗ್ತೀನಿ."

ಅವಳು ಫೋನ್ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅಮ್ಮ… ಬೇಜಾರ್ ಮಾಡ್ಕೋಬೇಡ. ನಾನೀಗ ಒಬ್ಳೇ ಮಲಗೋದು. ಪಕ್ಕದಲ್ಲಿ ಯಾರಾದ್ರೂ ಇದ್ರೆ ನಿದ್ದೆ ಬರಲ್ಲ."

ಸರಿ ಪುಟ್ಟಿ ಅಂದೆ. ಹಾಲ್‌ನಲ್ಲಿ ಹಾಸಿಕೊಳ್ಳುತ್ತೇನೆ ಅಂದೆ. ಬಾಗಿಲು ಹಾಕಿಕೊಂಡರೂ ಪರವಾಗಿಲ್ಲ. ಕೂಗಿದರೆ ಕೇಳಿಸುತ್ತದೆ. ಕೂಗುತ್ತಾಳೆ, ಯಾವತ್ತಾದರೂ. ಕೂಗದಿದ್ದರೂ ನಾನು ಬಾಗಿಲಾಚೆಯೇ ಇರುತ್ತೇನೆ.