ಹನ್ನೊಂದು ಗಂಟೆಯ ಕರೆಗೆ ಕಾಲಂ ಇಲ್ಲ

ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸಕ್ಕೆ ಹೊರದೇಶವನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನೀವು ಮತ್ತೆ ದೇಶ ಹುಡುಕುತ್ತಿದ್ದೀರಿ ಎಂದು ಪತ್ರಿಕೆಯಲ್ಲಿ ಓದಿದೆ. ಹಿಂದೆ ಆರಿಸಿದ ದೇಶ ಮೂರೇ ವರ್ಷಕ್ಕೆ ದುಬಾರಿಯಾಯಿತಂತೆ. ಈ ಸಲವೂ ಅದೇ ಕೋಷ್ಟಕ, ಅದೇ ಏಳು ಕಾಲಂ: ಕೂಲಿ, ಭಾಷೆ, ವಿದ್ಯುತ್ತು, ಕಾನೂನು, ಗಡಿಯಾರದ ವ್ಯತ್ಯಾಸ ಇತ್ಯಾದಿ. ನನ್ನ ದೂರನ್ನು ಸುತ್ತಿಬಳಸದೆ ಹೇಳುತ್ತೇನೆ. ಆ ಕೋಷ್ಟಕ ಒಬ್ಬ ಮನುಷ್ಯನನ್ನು ಕೊಂದಿದೆ. ಅದನ್ನು ಗೆರೆ ಎಳೆದು ತಯಾರಿಸಿದವಳು ನಾನೇ ಆದ್ದರಿಂದ, ಈ ಮಾತು ಹೇಳಲು ನನಗಿಂತ ಅರ್ಹರು ನಿಮಗೆ ಸಿಗಲಾರರು.

ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು. ಇಡೀ ಕಚೇರಿಗೆ ಅವರು ದೊಡ್ಡಣ್ಣ. ಯಾವ ರೋಗಿಗೆ ಯಾವ ಔಷಧಿ ಎಂದು ವಾರ್ಡುಗಳಿಗೆ ತಿಳಿಸುವ ಪ್ರೋಗ್ರಾಂ ಅವರ ಕೈಯಲ್ಲೇ ಬೆಳೆದದ್ದು. ಅದರಲ್ಲೊಂದು ದೋಷವಿತ್ತು, ಈಗಲೂ ಇದೆ. ರೋಗಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸಿದರೆ, ಡಾಕ್ಟರು ನಿಲ್ಲಿಸಿದ್ದ ಔಷಧಿ ಕೆಲವೊಮ್ಮೆ ಪಟ್ಟಿಯಲ್ಲಿ ಮತ್ತೆ ಎದ್ದು ಕೂರುತ್ತದೆ. ರಿಪೇರಿಗೆ ಅನುಮತಿ ಕೊಡಿ ಎಂದು ದೊಡ್ಡಣ್ಣ ಒಂಬತ್ತು ಸಲ ಬರೆದರು. ನಿಮ್ಮ ಕಚೇರಿ ಒಂಬತ್ತು ಸಲವೂ ‘ಪರಿಶೀಲನೆಯಲ್ಲಿದೆ’ ಎಂದಿತು. ಎಷ್ಟು ಕೂಲಂಕಷವಾದ ಪರಿಶೀಲನೆ! ಹನ್ನೆರಡು ವರ್ಷವಾದರೂ ಮುಗಿಯಲಿಲ್ಲ. ಅಷ್ಟೂ ವರ್ಷ ಅವರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಎತ್ತಿಕೊಂಡು, ಒಂದೊಂದೇ ವಾರ್ಡಿಗೆ ನಿಲ್ಲಿಸಿದ ಔಷಧಿಗಳನ್ನು ಓದಿ ಹೇಳುತ್ತಿದ್ದರು. "ಹಾಸಿಗೆ ಏಳು, ನೋವಿನ ಮಾತ್ರೆ ನಿಂತಿದೆ, ನೋಡಿದ್ರೇನಮ್ಮಾ? ಹ್ಞಾಂ, ಹೊಡೆದುಹಾಕಿ." ದೊಡ್ಡಣ್ಣನ ಪಾರಾಯಣ ಶುರುವಾಯಿತು ಎಂದು ನಾವು ನಗುತ್ತಿದ್ದೆವು.

ಕೆಲಸ ಹೊರದೇಶಕ್ಕೆ ಹೊರಟಾಗ, ತಮಗೆ ತಿಳಿದದ್ದನ್ನೆಲ್ಲ ಕ್ಯಾಮೆರಾ ಮುಂದೆ ಹೇಳಿ ಹೋಗಬೇಕೆಂದು ಆದೇಶ ಬಂತು. ಕಿಟಕಿಯಿಲ್ಲದ ಕೋಣೆ, ಎರಡು ಕುರ್ಚಿ, ನಲವತ್ತು ದಿನ. ಎದುರಿಗೆ ನಾನು, ನಿಮ್ಮ ನಮೂನೆ ಹಿಡಿದುಕೊಂಡು. ಮೂವತ್ತೊಂದನೆಯ ವಿಡಿಯೋದಲ್ಲಿ ಅವರು ಕನ್ನಡಕ ತೆಗೆದು ಒರೆಸುತ್ತ, "ಇನ್ನೊಂದು ವಿಷಯ ಇದೆ. ಈ ಹನ್ನೊಂದು ಗಂಟೆಗೆ..." ಎಂದರು. ನಾನು ಕ್ಯಾಮೆರಾ ನಿಲ್ಲಿಸಿ ತಡೆದೆ.

"ಅಣ್ಣಾ, ಅದು ನಿಮ್ಮ ಅಭ್ಯಾಸ, ಕೆಲಸದ ವಿಧಾನ ಅಲ್ಲ. ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ."

"ಹಾಗಾದ್ರೆ ನೀನೇ ಅವರಿಗೆ ಬಾಯಲ್ಲಿ ಹೇಳಿಬಿಡಮ್ಮಾ. ಮರೀಬೇಡ."

"ಹೇಳ್ತೀನಣ್ಣಾ."

ಮರೆತೆ. ನೆಪ ಹೇಳುವುದಿಲ್ಲ, ಶುದ್ಧವಾಗಿ ಮರೆತುಬಿಟ್ಟೆ. ಆ ತಿಂಗಳ ಕೊನೆಗೆ ದೊಡ್ಡಣ್ಣ ನಿವೃತ್ತರಾದರು, ಫೋನ್ ನಿಂತಿತು. ಸಮಯಕ್ಕೆ ಮುಂಚೆ ಹಸ್ತಾಂತರ ಮುಗಿಸಿದ್ದಕ್ಕೆ ನೀವು ನನ್ನ ಬೆನ್ನು ತಟ್ಟಿದಿರಿ.

ಕಳೆದ ವರ್ಷ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ದೊಡ್ಡಣ್ಣ ನಮ್ಮದೇ ಆಸ್ಪತ್ರೆ ಸೇರಿದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರು ಮೊದಲ ದಿನವೇ ನಿಲ್ಲಿಸಿದರು. ಸುಧಾರಿಸಿದ ಮೇಲೆ ಮೇಲಿನ ಮಹಡಿಯ ವಾರ್ಡಿಗೆ ಸಾಗಿಸಿದರು. ಮುಂದಿನದನ್ನು ನಾನು ಬರೆಯಬೇಕೇ? ಪಟ್ಟಿಯಲ್ಲಿ ಮಾತ್ರೆ ಎದ್ದು ಕೂತಿತು. ಪಟ್ಟಿ ನೋಡಿ ನರ್ಸ್ ಕೊಟ್ಟರು. ನಾನು ನೋಡಲು ಹೋದ ದಿನ ಅತ್ತಿಗೆ ಬಾಗಿಲಲ್ಲೇ ಸಿಕ್ಕು ಗೋಳಾಡಿದರು: "ಯಾಕೋ ತಲೆ ಕೆಟ್ಟ ಹಾಗೆ ಆಡ್ತಿದಾರೆ ಕಣೇ. ಹನ್ನೊಂದಾಯ್ತಾ, ಫೋನ್ ಬಂತಾ, ಇದೊಂದೇ ಜಪ. ಮಾತ್ರೆ ಬೇಡ ಅಂತ ಮುಖ ತಿರುಗಿಸ್ತಾರೆ. ನಾನೇ ಬೈದು ಬೈದು ನುಂಗಿಸ್ತಿದೀನಿ."

ನಾನು ಓಡಿಹೋಗಿ ಪಟ್ಟಿ ನೋಡಿದೆ. ನರ್ಸ್‌ಗೆ ಹೇಳಿ ಮಾತ್ರೆ ತಡೆದೆ, ಆದರೆ ಮೂರು ದಿನದ್ದು ಆಗಲೇ ಒಳಗೆ ಹೋಗಿತ್ತು. ದೊಡ್ಡಣ್ಣ ನನ್ನನ್ನು ಗುರುತು ಹಿಡಿದು, "ಅವರಿಗೆ ಹೇಳಿದ್ಯಾ?" ಎಂದು ಕೇಳಿದರು. "ಹೇಳಿದೀನಣ್ಣಾ," ಎಂದೆ. ಮಾರನೆಯ ದಿನ ಹೋಗಿಬಿಟ್ಟರು. ಅತ್ತಿಗೆಗೆ ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಚ್ಚಾದ ದಿನ ಅವರೂ ಓದುತ್ತಾರೆ. ನಿಮ್ಮ ವಿಚಾರಣಾ ವರದಿ ಮಾತ್ರ ‘ಮಾನವ ದೋಷ’ ಎಂದು ಬರೆದು, ನರ್ಸ್ ಕೈಗೆ ನೋಟಿಸು ಕೊಟ್ಟು ಕೈತೊಳೆದುಕೊಂಡಿತು.

ಆ ದೇಶದವರನ್ನು ಬೈಯಲು ಹೊರಟಿದ್ದೇನೆ ಎಂದುಕೊಂಡಿರಾ? ಇಲ್ಲ ಸ್ವಾಮಿ. ಸಾವಿನ ನಂತರ ಹಳೆಯ ಕಡತ ಕೆದಕಿದಾಗ ಅಲ್ಲಿಂದ ಬಂದ ಮೂರು ಪತ್ರಗಳು ಸಿಕ್ಕವು. ನಮ್ಮ ವಿಭಾಗದ ಕೆಲಸವನ್ನು ವಹಿಸಿಕೊಂಡ ಹೆಣ್ಣುಮಗಳೊಬ್ಬಳು ಬರೆದದ್ದು. ಮೂರರಲ್ಲೂ ಒಂದೇ ಪ್ರಶ್ನೆ: ಮೂವತ್ತೊಂದನೆಯ ವಿಡಿಯೋದಲ್ಲಿ ಆ ಹಿರಿಯರು ‘ಇನ್ನೊಂದು ವಿಷಯ’ ಎಂದು ಶುರುಮಾಡುತ್ತಾರೆ, ಅಲ್ಲಿಗೆ ಕತ್ತರಿಸಲಾಗಿದೆ, ಅವರು ಏನು ಹೇಳುವುದಿತ್ತು? ಸಾವಿರಾರು ಮೈಲಿ ಆಚೆ ಕುಳಿತು, ನಮ್ಮನ್ನು ಎಂದೂ ಭೇಟಿಯಾಗದವಳು, ನಮ್ಮ ದೊಡ್ಡಣ್ಣನ ಅರ್ಧ ಮಾತಿಗೆ ಕಿವಿಗೊಟ್ಟಿದ್ದಳು. ಎದುರಿನ ಕುರ್ಚಿಯ ನಾನು ಕೊಡಲಿಲ್ಲ. ನಿಮ್ಮ ಕಚೇರಿಯ ಉತ್ತರ ಮೂರು ಸಲವೂ ಒಂದೇ: ‘ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.’ ಈಗ ಅವಳ ದೇಶವನ್ನೇ ಕೋಷ್ಟಕದಿಂದ ಹೊಡೆದುಹಾಕುತ್ತಿದ್ದೀರಿ. ಕೇಳುವ ಬುದ್ಧಿಗೆ ಎಷ್ಟು ಅಂಕ ಕೊಟ್ಟಿದ್ದಿರಿ? ಕಾಲಂ ಇರಲಿಲ್ಲ, ಬಿಡಿ. ನಾನೇ ಎಳೆದಿರಲಿಲ್ಲ.

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕನ್ನಡಕ ಒರೆಸುತ್ತಾರೆ, ‘ಇನ್ನೊಂದು ವಿಷಯ’ ಎನ್ನುತ್ತಾರೆ, ಪರದೆ ಕಪ್ಪಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲಿ ಫೋನ್ ಸದ್ದಾದರೂ ಕೈಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತೇನೆ. ದೊಡ್ಡಣ್ಣನಿಗಿಂತ ಮುಂಚೆ ಎಷ್ಟು ಜನ ಹೀಗೆ ಹೋದರು? ಅವರ ಮನೆಯವರೂ ಬೈದು ಬೈದು ನುಂಗಿಸಿದರೇ? ಗೊತ್ತಿಲ್ಲ. ಯಾರೂ ನೋಡಿಲ್ಲ.

ಮುಂದಿನ ತಿಂಗಳು ಅದೇ ನಲವತ್ತು ವಿಡಿಯೋಗಳು, ಅದೇ ಕತ್ತರಿಯೊಂದಿಗೆ, ಇನ್ನೊಂದು ದೇಶಕ್ಕೆ ಹೋಗಲಿವೆ. ಆದ್ದರಿಂದ ಕೇಳುತ್ತಿದ್ದೇನೆ. ದೋಷ ರಿಪೇರಿಯಾಗುವವರೆಗೆ ಯಾವ ದೇಶದ ಹೆಸರಿಗೂ ಸಹಿ ಹಾಕಬೇಡಿ. ಪ್ರಶ್ನೆ ಕೇಳಿದ ಆ ಹೆಣ್ಣುಮಗಳಿಗೆ ಉತ್ತರ ಬರೆಯಿರಿ. ನರ್ಸ್‌ಗೆ ಕೊಟ್ಟ ನೋಟಿಸು ವಾಪಸು ಪಡೆದು ನನ್ನ ವಿಳಾಸಕ್ಕೆ ಕಳಿಸಿ. ನಿಲ್ಲಿಸಿದ ಔಷಧಿಗಳ ಪಟ್ಟಿ ನೋಡುವ ಹಕ್ಕು ಈಗ ನನಗಿಲ್ಲ, ನಿಮಗಿದೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಮೇಜಿನ ಫೋನ್ ಸದ್ದಾಗುತ್ತದೆ. ಮಾಡುವವಳು ನಾನೇ. ದಯವಿಟ್ಟು ಎತ್ತಿಕೊಂಡು ಹಾಸಿಗೆ ಒಂದರಿಂದ ಓದಿ ಹೇಳಿ, ವಾರ್ಡುಗಳಿಗೆ ನಾನು ಮುಟ್ಟಿಸುತ್ತೇನೆ. ಈ ಸಲ ಮರೆಯುವುದಿಲ್ಲ.

ಇಂತಿ,
‘ಹೇಳ್ತೀನಣ್ಣಾ’ ಎಂದು ಹೇಳದೆ ಹೋದವಳು