ಬೀಗಿತ್ತಿಯ ಮಿಷನ್ನಿಗಿಂತ ಒಂದು ಕೈ ಮೇಲು

ಬೀಗಿತ್ತಿಯವರಿಗೆ,

ನಿಮ್ಮ ಮಗನಿಗೆ ಹೆಣ್ಣು ಕೊಟ್ಟವಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ನೀವು ಚೆನ್ನಾಗಿಲ್ಲದ ದಿನವನ್ನು ನಾನಂತೂ ನೋಡಿಲ್ಲ. ಮೂರು ಬೀದಿ ಆಚೆ ಇರುವವರಿಗೆ ಕಾಗದ ಯಾಕೆ, ಬಂದು ಹೇಳಬಾರದೆ ಎಂದು ನೀವು ಕೇಳಬಹುದು. ಎದುರಿಗೆ ಬಂದರೆ ನೀವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಗುತ್ತೀರಿ. ಆಗ ನನಗೆ ಹೇಳಬೇಕಾದದ್ದು ಮರೆತುಹೋಗಿ ಇನ್ನೇನೋ ಚುಚ್ಚುಮಾತು ಬಾಯಿಗೆ ಬರುತ್ತದೆ. ಇದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗದ, ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ. ಇಪ್ಪತ್ತೈದು ವರ್ಷ ಆಫೀಸಿನಲ್ಲಿ ಕೂತು ಬೇರೆಯವರ ಕಾಗದ ಟೈಪು ಮಾಡಿದವರಿಗೆ ಅದೇನು ಕಷ್ಟವಲ್ಲ.

ಮೊದಲು ಒಂದು ಮಾತು ನೇರವಾಗಿ ಬರೆದುಬಿಡುತ್ತೇನೆ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ. ಮದುವೆಯ ದಿನ ಎಲ್ಲರೂ ಬೆವರಿ ಬಸವಳಿದಿದ್ದಾಗ ನಿಮ್ಮ ಸೀರೆಯ ನೆರಿಗೆ ಒಂದೂ ಕದಲಿರಲಿಲ್ಲವಲ್ಲ, ಅವತ್ತೇ ಶುರುವಾಯಿತು. ಆದರೆ ಅದನ್ನೆಲ್ಲ ನುಂಗಿಕೊಂಡಿದ್ದೆ. ನಮ್ಮ ಡುಮ್ಮ ಹುಟ್ಟಿದ ಮೇಲೆ ನುಂಗಲು ಆಗಲಿಲ್ಲ. ಅವನ ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಅಪ್ಪ ಬಸ್ಸಿನ ಡ್ರೈವರು. ಹಗಲು ಹೊತ್ತು ಮಗುವನ್ನು ನಾವಿಬ್ಬರೂ ಪಾಲು ಮಾಡಿಕೊಂಡೆವು. ಸೋಮ, ಮಂಗಳ, ಬುಧ ನನ್ನ ಮನೆ. ಗುರು, ಶುಕ್ರ, ಶನಿ ನಿಮ್ಮ ಮನೆ. ಅಕ್ಕಿ ಅಳೆದ ಹಾಗೆ ಸರಿಯಾಗಿ ಅಳೆದಿದ್ದೆವು. ಆದರೂ ಗುರುವಾರ ಬೆಳಗ್ಗೆ ನನ್ನ ಸರದಿ ಮುಗಿದು ನಿಮ್ಮ ಕೈಗೆ ಹೋಗುವಾಗ ಅವನು ಅಳುತ್ತಿರಲಿಲ್ಲ. ಸೋಮವಾರ ನಿಮ್ಮ ಮನೆಯ ರುಚಿ ಮರೆಯದೆ ಬಾಯಲ್ಲಿ 'ಡ್ರ್ರ್ರ್' ಎಂದು ಸದ್ದು ಮಾಡಿಕೊಂಡು ಬರುತ್ತಿದ್ದ. ಅದು ಏನೆಂದು ಎರಡು ವಾರ ನನಗೆ ತಿಳಿಯಲಿಲ್ಲ. ಕೊನೆಗೆ ಮಗಳು ಹೇಳಿದಳು: ನೀವು ಹುಲ್ಲು ಕತ್ತರಿಸುವ ಪೆಟ್ರೋಲ್ ಮಿಷನ್ನು ತಂದಿದ್ದೀರಿ, ಕಣ್ಣಿಗೆ ಕನ್ನಡಕದ ಮೇಲೊಂದು ಕನ್ನಡಕ, ತಲೆಗೆ ಟೋಪಿ, ಕಾಲಿಗೆ ಬೂಟು ಹಾಕಿಕೊಂಡು ಅಂಗಳವನ್ನು ಕ್ಷೌರ ಮಾಡಿದ ಕೆನ್ನೆಯ ಹಾಗೆ ಮಾಡುತ್ತೀರಿ, ಡುಮ್ಮ ಕಿಟಕಿಯ ಒಳಗಿನಿಂದ ನೋಡಿ ಚಪ್ಪಾಳೆ ತಟ್ಟುತ್ತಾನೆ. ನಾನು ಹನ್ನೊಂದು ತಿಂಗಳಿಂದ 'ಅಜ್ಜಿ ಅನ್ನು, ಅಜ್ಜಿ ಅನ್ನು' ಎಂದು ಬೇಡಿಕೊಂಡರೂ ಬಾಯಿ ಬಿಡದವನು ನಿಮ್ಮ ಮಿಷನ್ನಿನ ಭಾಷೆ ಕಲಿತು ಬಂದಿದ್ದ.

ಅದೇ ಹೊತ್ತಿಗೆ ನನ್ನ ಅಂಗಳ ಕಾಡಾಗಿತ್ತು. ಮೊದಲು ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನಿಂದ ಕೊಯ್ಯುತ್ತಿದ್ದೆ. ಮಂಡಿ ಊದಿಕೊಂಡ ಮೇಲೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಕೂಲಿಯವನೊಬ್ಬ ಬಂದು ಅರ್ಧ ಕೊಯ್ದು, ನಾಳೆ ಬರುತ್ತೇನೆಂದು ಹೋದವನು ಇನ್ನೂ ಆ ನಾಳೆಯಲ್ಲೇ ಇದ್ದಾನೆ. ಒಂದು ಬುಧವಾರ ಸಂಜೆ ಮಗಳು ಮನೆಗೆ ಒಯ್ದು ಡುಮ್ಮನ ಬಟ್ಟೆ ಬಿಚ್ಚಿದಾಗ ತೊಡೆಯ ಸಂದಿಯಲ್ಲಿ ಹುಲ್ಲಿನ ಉಣ್ಣೆಹುಳ ಕಚ್ಚಿಕೊಂಡಿತ್ತಂತೆ. ಮಗಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. 'ಅಮ್ಮ, ಬೇಜಾರು ಮಾಡ್ಕೋಬೇಡ. ಹುಲ್ಲು ಕೊಯ್ಸೋವರೆಗೂ ಅವನು ಆರು ದಿನಾನೂ ಅತ್ತೆ ಮನೇಲೇ ಇರ್ಲಿ' ಎಂದಳು.

ಆರು ದಿನ. ಆಗ ಅವನು ಕುರ್ಚಿ ಹಿಡಿದು ಎದ್ದು ನಿಲ್ಲುತ್ತಿದ್ದ. ಇವತ್ತೋ ನಾಳೆಯೋ ಹೆಜ್ಜೆ ಇಡುವ ಕಾಲ. ನಾನು ಇಲ್ಲಿ ಹುಲ್ಲು ನೋಡಿಕೊಂಡು ಕೂತಿರಬೇಕು, ಅವನು ಅಲ್ಲಿ ನಿಮ್ಮ ಮಟ್ಟಸ ಅಂಗಳದಲ್ಲಿ ಮೊದಲ ಹೆಜ್ಜೆ ಇಡಬೇಕು, ನೀವು ಕನ್ನಡಕ ಇಳಿಸಿಕೊಂಡು ನನಗೆ ಅದನ್ನು ಹೇಳಬೇಕು. ಇದನ್ನು ನೆನೆಸಿಕೊಂಡು ನನ್ನ ಮೈಯೆಲ್ಲ ಉರಿದುಹೋಯಿತು. ನಿಮ್ಮ ಮಿಷನ್ನನ್ನು ಒಂದು ಬೆಳಗ್ಗೆ ಎರವಲು ಕೇಳಿದ್ದರೆ ಕೊಡುತ್ತಿದ್ದಿರಿ, ಗೊತ್ತು. ಕೊಡುತ್ತಿದ್ದಿರಿ ಎಂದೇ ಕೇಳಲಿಲ್ಲ.

ಮಾರನೇ ದಿನವೇ ಬಸ್‌ ಸ್ಟ್ಯಾಂಡಿನ ಹಿಂದಿನ ಮಿಷನ್ ಅಂಗಡಿಗೆ ಹೋದೆ. ನೀವು ಅಲ್ಲೇ ಕೊಂಡಿದ್ದೆಂದು ಮಗಳ ಬಾಯಿಂದ ಹೊರಡಿಸಿಕೊಂಡಿದ್ದೆ. ಅಂಗಡಿಯವನು ಒಳ್ಳೆಯವನೇ. ಅಂಗಳ ಎಷ್ಟು ದೊಡ್ಡದು, ಬರೀ ಹುಲ್ಲೋ ಪೊದೆಯೋ, ಹಗ್ಗ ಎಳೆದು ಶುರು ಮಾಡುವವರು ಯಾರು, ಎಷ್ಟು ಹೊತ್ತು ಹೊರಬಲ್ಲಿರಿ ಎಂದೆಲ್ಲ ಕೇಳಿದ. ನಾನು ಎಲ್ಲಕ್ಕೂ ಒಂದೇ ಉತ್ತರ ಕೊಟ್ಟೆ: 'ನಮ್ಮ ಬೀಗಿತ್ತಿ ತಗೊಂಡಿದಾರಲ್ಲ, ಅದಕ್ಕಿಂತ ಒಂದು ಕೈ ಮೇಲಿರೋದು ಕೊಡಪ್ಪ.' ಅವನು ನಿಮ್ಮಂಥದ್ದನ್ನೇ ಇಳಿಸಿ ತೋರಿಸಿದ. ಸಣ್ಣದು, ಹಗುರ, ಕೊಳವೆ ತುದಿಯಲ್ಲಿ ಬಾಗಿದೆ, ಬ್ಲೇಡಿನ ಬದಲು ನೈಲಾನ್ ದಾರ. ಸೊಟ್ಟಗಿದೆ, ದಾರದಲ್ಲಿ ಹುಲ್ಲು ಕೊಯ್ಯುವುದೆಂದರೆ ಕೂದಲಲ್ಲಿ ಕಲ್ಲು ಕೊಯ್ದ ಹಾಗೆ, ಟೈಪಿಸ್ಟಮ್ಮನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಲೆಕ್ಕ ಬೇರೆ. ಒರಳಾಗಲಿ ಕೊಡಲಿಯಾಗಲಿ, ಎತ್ತಿದರೆ ಕೈ ಜಗ್ಗಬೇಕು, ಆಗಲೇ ಅದು ಕೆಲಸ ಮಾಡುತ್ತದೆ. ಮೂಲೆಯಲ್ಲಿ ನೆಟ್ಟಗಿನ ದಪ್ಪ ಕೊಳವೆಯ, ಉಕ್ಕಿನ ಹಲ್ಲಿನ ಚಕ್ರ ಇರುವ ಮಿಷನ್ನು ನಿಂತಿತ್ತು. ಅದು ಬೇಕೆಂದೆ. 'ಅಜ್ಜಿ, ಅದು ಪೊದೆ ಕಡಿಯೋಕೆ, ರಸ್ತೆ ಕೆಲಸದವರು ಒಯ್ಯೋದು' ಎಂದ. ನಮ್ಮನೆ ಹುಲ್ಲನ್ನು ನೀನು ನೋಡಿದ್ದೀಯಾ ಎಂದು ಬಾಯಿ ಮುಚ್ಚಿಸಿದೆ.

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನನಗೆ ಬರುತ್ತದೆ, ಆದರೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಅದರ ಪೆಟ್ರೋಲಿಗೆ ಎಂಜಿನ್ ಆಯಿಲ್ ಅಳೆದು ಬೆರೆಸಬೇಕು, ಗೆರೆ ಹಾಕಿದ ಬಾಟಲಿ ಕೊಟ್ಟಿದ್ದೇನೆ ಎಂದು ಅವನು ಎರಡು ಸಲ ಹೇಳಿದ್ದ. ಐವತ್ತು ವರ್ಷದಿಂದ ಬಾಣಲೆಗೆ ಎಣ್ಣೆ ಸುರಿದ ಕೈ ಇದು, ಇದಕ್ಕೆ ಗೆರೆ ಬೇರೆ ಬೇಕೇ? ಕಣ್ಣಂದಾಜಿನಲ್ಲಿ ಸುರಿದೆ. ಮಕ್ಕಳ ಊಟಕ್ಕೆ ಎಣ್ಣೆ ಕಮ್ಮಿ ಮಾಡಬಾರದು ಎಂಬ ಬುದ್ಧಿಯಲ್ಲೇ ಒಂದಿಷ್ಟು ಜಾಸ್ತಿಯೂ ಬಿತ್ತು. ಹಗ್ಗ ಎಳೆದೆ, ಎಳೆದೆ, ಹದಿನೈದನೇ ಸಲಕ್ಕೆ ಅದು ಕೆಮ್ಮಿ ಎದ್ದಿತು. ಎದ್ದದ್ದೇ ಹೊಗೆ. ಎದುರುಮನೆಯ ದರ್ಜಿ ಬೆಂಕಿ ಬಿತ್ತೆಂದು ನೀರಿನ ಬಕೆಟ್ಟು ಹಿಡಿದು ಓಡಿ ಬಂದ. ಹೊಗೆಯಲ್ಲಿ ಮಿಷನ್ನು ನನ್ನನ್ನು ಎಳೆದುಕೊಂಡು ಹೋಯಿತೋ, ನಾನು ಅದನ್ನು ಎಳೆದೆನೋ, ನಲ್ಲಿಯ ಪೈಪು ಎರಡು ತುಂಡಾಯಿತು, ಸೀಬೆ ಗಿಡದ ತೊಗಟೆ ಸುತ್ತಲೂ ಹಾರಿತು, ಚಕ್ರ ಕಲ್ಲಿಗೆ ಬಡಿದು ಹಲ್ಲು ಮುರಿಯಿತು. ದರ್ಜಿ ಸ್ವಿಚ್ಚು ಆರಿಸಿ, 'ಅಜ್ಜಿ, ಹುಲ್ಲೊಂದು ಬಿಟ್ಟು ಉಳಿದಿದ್ದೆಲ್ಲ ಕೊಯ್ದಿದೀರಾ' ಎಂದ. ಮಣಿಕಟ್ಟು ಊದಿಕೊಂಡಿತು. ಮಗಳಿಗೆ ಬಚ್ಚಲಲ್ಲಿ ಜಾರಿದೆ ಎಂದು ಸುಳ್ಳು ಹೇಳಿದೆ. ಆ ಎರಡು ವಾರ ನಾನು ಡುಮ್ಮನನ್ನು ನೋಡಲು ನಿಮ್ಮ ಮನೆಗೆ ಬಂದಾಗ ಸೆರಗು ಸುತ್ತಿಕೊಂಡು ಕೂರುತ್ತಿದ್ದೆನಲ್ಲ, ಚಳಿಗಲ್ಲ ಅದು. ನೀವು ಕೇಳಲಿಲ್ಲ. ಮುಲಾಮು ತಂದು ಪಕ್ಕದಲ್ಲಿಟ್ಟು ಒಳಗೆ ಹೋದಿರಿ. ಅದಕ್ಕೂ ನನಗೆ ಸಿಟ್ಟು ಬಂದಿತ್ತು.

ಊತ ಇಳಿದ ಮೇಲಿನ ಮಂಗಳವಾರ ಆ ದೆವ್ವವನ್ನು ಆಟೋದಲ್ಲಿ ಹಾಕಿಕೊಂಡು ಮತ್ತೆ ಅಂಗಡಿಗೆ ಹೋದೆ. ಅವನು ನಗಲಿಲ್ಲ, ಅದನ್ನು ಬಾಡಿಗೆಗೆ ಬಿಡಲು ತಾನೇ ಇಟ್ಟುಕೊಂಡು ಬೇರೆ ಕೊಡಲು ಒಪ್ಪಿದ. ಈ ಸಲ ನಾನೂ ಬಾಯಿ ಮುಚ್ಚಿಕೊಂಡು ಕಿವಿ ತೆರೆದೆ. ಒಂದೊಂದನ್ನೂ ಬೆಲ್ಟಿಗೆ ಸಿಕ್ಕಿಸಿ ಹೆಗಲಿಗೆ ಹಾಕಿಸಿದ. ಹತ್ತು ನಿಮಿಷ ಸುಮ್ಮನೆ ನಿಲ್ಲಿ, ಸೊಂಟ ಬೈದರೆ ಇಳಿಸಿ ಎಂದ. ಹಗ್ಗ ನನ್ನ ಕೈಯಿಂದಲೇ ಎಳೆಸಿದ. ಅಂಗಳದ ಹುಲ್ಲಿಗೆ ದಾರವೇ ಸಾಕು, ಕಲ್ಲಿಗೆ ಬಡಿದರೆ ದಾರ ತಾನು ಸವೆಯುತ್ತದೆ, ಮನುಷ್ಯರನ್ನು ಎಗರಿಸುವುದಿಲ್ಲ, ಸವೆದಾಗ ಮಿಷನ್ನಿನ ತಲೆಯನ್ನು ನೆಲಕ್ಕೆ ಒಮ್ಮೆ ತಟ್ಟಿದರೆ ಹೊಸ ದಾರ ಹೊರಗೆ ಬರುತ್ತದೆ ಎಂದು ತೋರಿಸಿಕೊಟ್ಟ. ಕೊಳವೆ ಬಾಗಿರುವುದು ಕುಳ್ಳಗಿರುವವರು ಬಗ್ಗದೆ ಕೊಯ್ಯಲಿ ಎಂದಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಕೊಳವೆ ಡೊಂಕು ಎಂದಿದ್ದೆ. ಎಲ್ಲ ನೋಡಿ, ಎಲ್ಲ ಹೊತ್ತು, ಕೊನೆಗೆ ನನ್ನ ಹೆಗಲು ಒಪ್ಪಿದ್ದು ನಿಮ್ಮ ಮಿಷನ್ನನ್ನೇ. ಅದೇ ಅಳತೆ, ಅದೇ ತೂಕ. ಬೇರೆ ಬಣ್ಣ ಇದೆಯಾ ಎಂದು ಕೇಳಿದೆ. ನಿಮ್ಮದು ಹಸಿರು, ನನ್ನದು ಕೆಂಪು. ಅಷ್ಟಾದರೂ ಇರಲಿ.

ಬುಧವಾರದಿಂದ ಶನಿವಾರದವರೆಗೆ ದಿನಾ ಬೆಳಗ್ಗೆ ಒಂದು ಗಂಟೆ ಕೊಯ್ದೆ. ಗೆರೆ ನೋಡಿ ಆಯಿಲ್ ಬೆರೆಸಿದೆ. ಎರಡು ಕಡೆ ತೀರಾ ಕೆಳಗೆ ಹಿಡಿದು ನೆಲ ಬೋಳಾಯಿತು, ಉಳಿದದ್ದು ಪರವಾಗಿಲ್ಲ. ಭಾನುವಾರ ಮಗಳು ಬಂದು ಬರಿಗಾಲಲ್ಲಿ ಓಡಾಡಿ ನೋಡಿ, ನಾಳೆಯಿಂದ ಕರೆದುಕೊಂಡು ಬರುತ್ತೇನೆ ಎಂದಳು. ಅವಳು ಹೋದ ಮೇಲೆ ಬೋಳಾದ ಜಾಗದ ಮೇಲೆ ಕೈಯಾಡಿಸುತ್ತಾ ಎಷ್ಟು ಹೊತ್ತು ಕೂತಿದ್ದೆನೋ ನನಗೇ ಗೊತ್ತಿಲ್ಲ.

ಸೋಮವಾರ ಹತ್ತೂವರೆಗೆ ಡುಮ್ಮ ನನ್ನ ಮಂಡಿ ಹಿಡಿದು ಎದ್ದು, ಕೈ ಬಿಟ್ಟು, ನಲ್ಲಿಯ ಕಡೆಗೆ ಆರು ಹೆಜ್ಜೆ ನಡೆದ. ನಾನು ಕೂಗಿದ ಕೂಗಿಗೆ ದರ್ಜಿ ಮತ್ತೆ ಬಕೆಟ್ಟು ಹಿಡಿದು ಬಂದ. ಆಸ್ಪತ್ರೆಗೆ ಫೋನು ಮಾಡಿದೆ. ಮಗಳು 'ಹೌದಾ ಅಮ್ಮ, ಹೌದಾ' ಎಂದು ಎರಡೇ ಸಲ ಅಂದಳು, ಕೆಲಸದ ಒತ್ತಡ ಇರಬೇಕೆಂದುಕೊಂಡೆ. ಆಮೇಲೆ ನಿಮಗೆ ಮಾಡಿದೆ. ನಾನು ಏನೆಂದೆ ನೆನಪಿದೆಯಾ? ನನಗಿದೆ. 'ಮೂರು ವಾರ ನಿಮ್ಮಲ್ಲಿದ್ದರೂ ಮಗು ಕಾಲು ಎತ್ತಲಿಲ್ಲ, ನನ್ನ ಹುಲ್ಲು ಮುಟ್ಟಿದ ದಿನವೇ ನಡೆಯಿತು ನೋಡಿ' ಎಂದೆ. ನೀವು 'ಎಷ್ಟು ಹೆಜ್ಜೆ?' ಎಂದು ಕೇಳಿದಿರಿ. ಆರು ಎಂದೆ. 'ಆರಾ? ತುಂಬ ಆಯ್ತು' ಎಂದಿರಿ. ನಿಮಗೆ ಹೊಟ್ಟೆ ಉರಿಯಿತೆಂದು ನಾನು ಆ ರಾತ್ರಿ ಎರಡು ತುತ್ತು ಜಾಸ್ತಿ ಉಂಡೆ.

ಮೊನ್ನೆ ದಾರ ತರಲು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ದಾರ ಸುತ್ತುತ್ತಾ ಮಾತಿಗೆ ಮಾತು ಬಂದು, ಮೊಮ್ಮಗನನ್ನು ಕರೆತರಲಿಲ್ಲವೇ, ಆವತ್ತು ಶುಕ್ರವಾರ ಬೀಗಿತ್ತಿಯ ಜೊತೆ ಬಂದವನು ಅಂಗಡಿ ತುಂಬ ನಡೆದು ನಟ್ಟಿನ ಡಬ್ಬಿ ಉರುಳಿಸಿದ ಎಂದ. ಯಾವ ಶುಕ್ರವಾರ ಎಂದು ಕೇಳಿದೆ. ನಾನು ಮಿಷನ್ನು ಬದಲಾಯಿಸಿಕೊಂಡು ಬಂದ ವಾರವೇ ಎಂದು ಹೇಳಿ, ನಾಲಿಗೆ ಕಚ್ಚಿಕೊಂಡ. ನಾನು ಬಿಡುವವಳೇ? ಕೊನೆಗೆ ನೀವು ಆಡಿದ ಮಾತನ್ನು ಹಾಗೇ ಹೇಳಿದ. 'ಪಾಪ, ಬೀಗಿತ್ತಿ ಹುಲ್ಲು ಕೊಯ್ದು ಮುಗಿಸ್ಲಿ. ಅಲ್ಲಿ ಅವನು ನಡೆದಾಗ ಅದೇ ಮೊದಲು. ನೀನು ಬಾಯಿ ಬಿಡಬೇಡ.'

ದಾರ ಅಲ್ಲೇ ಮರೆತು ಮನೆಗೆ ಬಂದೆ. ಸಂಜೆ ಮಗಳನ್ನು ಹಿಡಿದು ಕೂರಿಸಿದೆ. ಗುರುವಾರ ಮಧ್ಯಾಹ್ನವೇ ನಡೆದನಂತೆ, ನೋಡಿದವರು ನೀವೊಬ್ಬರೇ ಅಂತೆ. ಸಂಜೆ ಅವಳಿಂದಲೂ ನಿಮ್ಮ ಮಗನಿಂದಲೂ ಮಾತು ತೆಗೆದುಕೊಂಡಿರಂತೆ. ಅಂದರೆ ಮೂರು ಜನ, ಅಂಗಡಿಯವನು ಸೇರಿ ನಾಲ್ಕು ಜನ, ನನ್ನ ಮುಂದೆ ನಾಟಕ ಆಡಿದಿರಿ. ನಾನು ಫೋನಿನಲ್ಲಿ ಜಂಬ ಕೊಚ್ಚಿದ್ದನ್ನು ನೀವು ಪೂರ್ತಿ ಕೇಳಿಸಿಕೊಂಡು, ಎಷ್ಟು ಹೆಜ್ಜೆ ಎಂದು ಬೇರೆ ಕೇಳಿದಿರಿ.

ನೀವು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಹೇಳಬೇಕಾದ ನಿಜವನ್ನು ನುಂಗಿಕೊಂಡಿರಿ, ಅದೂ ನನಗಾಗಿ. ಇದಕ್ಕೆ ಹೇಗೆ ಜಗಳವಾಡಲಿ? ಆ ಗುರುವಾರ ನನ್ನದಾಗಿದ್ದರೆ ನಾನು ಬೀದಿ ಬೀದಿಯಲ್ಲಿ ಡಂಗುರ ಹೊಡೆಸುತ್ತಿದ್ದೆ, ಮೊದಲ ಏಟು ನಿಮ್ಮ ಬಾಗಿಲ ಮುಂದೆಯೇ ಬೀಳುತ್ತಿತ್ತು. ಇದು ನಿಮಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದಿರಿ. ಸೀರೆಗೆ ಹೊಟ್ಟೆಕಿಚ್ಚು ಪಟ್ಟೆ, ಓದಿಗೆ ಪಟ್ಟೆ, ಮಿಷನ್ನಿಗೆ ಪಟ್ಟೆ. ಅಂಗಡಿಯಲ್ಲಿ ಸಿಗುವುದಾದರೆ ತಂದುಕೊಳ್ಳಬಹುದು, ಬಣ್ಣ ಬೇರೆ ಮಾಡಿಸಿಯಾದರೂ. ಈ ಸಲ ಎಲ್ಲಿಗೆ ಹೋಗಲಿ? ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ, ನಿಮಗೆ ಥ್ಯಾಂಕ್ಸ್ ಹೇಳಬೇಕೆಂದು ಅಂದುಕೊಂಡರೆ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತದೆ.

ಒಂದೇ ಒಂದು ಕೇಳುತ್ತೇನೆ. ಅವನು ಮೊದಲು ಎತ್ತಿಟ್ಟದ್ದು ಎಡಗಾಲೋ ಬಲಗಾಲೋ? ಏನು ಹಿಡಿದಿದ್ದ, ಯಾತರ ಕಡೆಗೆ ಹೊರಟ? ಬಿದ್ದನಾ? ಬಿದ್ದಾಗ ಅತ್ತನಾ, ಇಲ್ಲ ನಿಮ್ಮ ಮುಖ ನೋಡಿ ನಕ್ಕನಾ? ಮಗಳಿಗೆ ಇದೊಂದೂ ಗೊತ್ತಿಲ್ಲ. ಪ್ರಪಂಚದಲ್ಲಿ ಇದನ್ನು ನೋಡಿದ ಕಣ್ಣು ನಿಮ್ಮವೆರಡೇ. ಕಾಗದದಲ್ಲಿ ಬರೆಯಬೇಡಿ, ಟೈಪು ಮಾಡಿದ ಹಾಗೆ ಚೊಕ್ಕಟವಾಗಿಬಿಡುತ್ತದೆ. ಬುಧವಾರ ಬನ್ನಿ. ಡುಮ್ಮ ಮಲಗಿದ ಮೇಲೆ, ಚಪ್ಪಲಿ ಬಿಟ್ಟು ನನ್ನ ಹುಲ್ಲಿನ ಮೇಲೆ ನಿಂತು, ಅವನು ಹೇಗೆ ನಡೆದನೋ ಹಾಗೇ ನಡೆದು ತೋರಿಸಿ. ಬೀಳುವ ಕಡೆ ಬೀಳಿ, ಹಿಡಿದುಕೊಳ್ಳುತ್ತೇನೆ. ನಾನು ನಗುವುದಿಲ್ಲ.

ನಿಮ್ಮ ಮಂಡಿ ನನ್ನ ಮಂಡಿಯ ಹಾಗಾಗದೆ ನೂರು ವರ್ಷ ಗಟ್ಟಿಯಾಗಿರಲಿ ಎಂದು ಮನಸಾರೆ ಹರಸುವ,

ನಿಮ್ಮ ಹೊಟ್ಟೆಕಿಚ್ಚಿನ ಬೀಗಿತ್ತಿ